ಕಾರ್ಡು, ಕವರುಗಳಲ್ಲೇ ಕಥೆ ಹೇಳುವುದು ಹೇಗೆ?

ಪ್ರಶ್ನೆ: ಬರೀ ಕಾಗದ, ಕಾರ್ಡುಗಳಲ್ಲೇ ಸಾಗುವ ಸಚಿತ್ರ ಕಥೆ ಬರೆಯುತ್ತಿದ್ದೇನೆ. ಕಾಲ 1960ರ ದಶಕ. ಚಿತ್ರಗಳನ್ನು ತಂಗಿ ಬರೆದಿದ್ದಾಳೆ. ಓದಿದವರೆಲ್ಲ ‘ಚಿತ್ರಗಳಿಲ್ಲದಿದ್ದರೂ ನಡೆಯುತ್ತದೆ’ ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತಂಗಿಯ ಚಿತ್ರಗಳು ಹೇಳಬೇಕಾದದ್ದನ್ನೂ ನಿಮ್ಮ ಪತ್ರಗಳೇ ಹೇಳಿ ಮುಗಿಸುತ್ತಿರಬೇಕು. ಮೊದಲು ಅಲ್ಲಿ ಕತ್ತರಿ ಆಡಿಸಿ.

ನಿಕ್ ಬ್ಯಾಂಟಾಕ್ ಅವರ ‘ಗ್ರಿಫಿನ್ ಅಂಡ್ ಸಬೀನ್’ (1991) ಎಂಬ ಸಚಿತ್ರ ಪತ್ರ-ಕಾದಂಬರಿ ಸಿಕ್ಕರೆ ಬಿಡದೆ ನೋಡಿ. ಗ್ರಿಫಿನ್ ಲಂಡನ್ನಿನಲ್ಲಿ ಪೋಸ್ಟ್‌ಕಾರ್ಡ್ ತಯಾರಿಸುವ ಕಲಾವಿದ. ದಕ್ಷಿಣ ಪೆಸಿಫಿಕ್ಕಿನ ದ್ವೀಪದಿಂದ ಸಬೀನ್ ಎಂಬ ಅಪರಿಚಿತೆಯ ಕಾರ್ಡು ಬರುತ್ತದೆ: ನಿಮ್ಮ ಚಿತ್ರದಲ್ಲಿ ಕಪ್‌ಗಿಂತ ವೈನ್ ಗ್ಲಾಸೇ ಸರಿ ಎಂದು. ಕಪ್ ತೆಗೆದು ಗ್ಲಾಸು ಬರೆದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ! ಅವನು ಬರೆಯುವಾಗಲೇ ಆ ಚಿತ್ರಗಳು ಅವಳಿಗೆ ಕಾಣುತ್ತವೆ. ಅಂದರೆ ಅಲ್ಲಿ ಚಿತ್ರವೇ ಕಥೆಯ ಗಂಟು. ಅವಳು ತನ್ನ ದ್ವೀಪಗಳ ಅಂಚೆಚೀಟಿಗಳನ್ನು ರೂಪಿಸುವವಳು. ಆ ದ್ವೀಪಗಳೋ ಯಾವ ಭೂಪಟದಲ್ಲೂ ಇಲ್ಲ. ಹೀಗಾಗಿ ಮೂಲೆಯ ಪುಟ್ಟ ಚೀಟಿಯೂ ಸಾಕ್ಷಿ ನುಡಿಯುತ್ತದೆ, ಅನುಮಾನವನ್ನೂ ಹುಟ್ಟಿಸುತ್ತದೆ. ಕಾರ್ಡಿನ ಚಿತ್ರ ಒಂದು ಪುಟದಲ್ಲಿ, ಬರಹ ಅದರ ಹಿಂಬದಿಯಲ್ಲಿ. ಕಾಗದಗಳು ಪುಟಕ್ಕೆ ಅಂಟಿಸಿದ ನಿಜವಾದ ಲಕೋಟೆಗಳ ಒಳಗೆ. ಹೊರತೆಗೆದು, ಮಡಿಕೆ ಬಿಡಿಸಿಯೇ ಓದಬೇಕು. ಪರರ ಕಾಗದ ಓದುವ ಅಳುಕು ಬೆರಳಿಗೇ ತಾಗುತ್ತದೆ.

ಕಾರ್ಡು ತೆರೆದ ಬರಹ. ಅಂಚೆಯವರೂ ಓದಬಹುದು, ಮನೆಯವರೂ ಓದಬಹುದು. ಆದ್ದರಿಂದ ನಿಮ್ಮ ಪಾತ್ರ ಕಾರ್ಡಿನಲ್ಲಿ ‘ಕ್ಷೇಮ’ ಎಂದಷ್ಟೇ ಬರೆಯಲಿ, ಕಷ್ಟವೆಲ್ಲ ಲಕೋಟೆಗೆ ಹೋಗಲಿ. ಕಾಲದ ವಿವರದಲ್ಲಿ ಎಚ್ಚರ ಬೇಕು: ಪಿನ್‌ಕೋಡ್ ಬಂದದ್ದು 1972ರಲ್ಲಿ, ನಿಮ್ಮ ವಿಳಾಸಗಳಲ್ಲಿ ಅದು ಕಾಣಬಾರದು. ಊರು ಬಿಟ್ಟದ್ದನ್ನು ಬಚ್ಚಿಡುವ ಮಗನ ಕಾರ್ಡಿನಲ್ಲಿ ಅಂಚೆ ಮುದ್ರೆಯೇ ಬೇರೆ ಊರಿನ ಹೆಸರು ಹೇಳಲಿ, ಪತ್ರ ಅದರ ಸುದ್ದಿಯನ್ನೇ ಎತ್ತದಿರಲಿ.

ನಮ್ಮಲ್ಲಿ ಇನ್ನೊಂದು ರೂಢಿಯಿತ್ತು, ಅದು ನಿಮ್ಮ ಕಥೆಗೆ ತುಂಬ ಒದಗುತ್ತದೆ. ಶುಭ ಸಮಾಚಾರದ ಕಾಗದದ ಮೂಲೆಗಳಿಗೆ ಅರಿಶಿನ ಹಚ್ಚುತ್ತಿದ್ದರು. ಸಾವಿನ ಸುದ್ದಿಯ ಕಾರ್ಡನ್ನು ಓದಿದ ಕೂಡಲೇ ಹರಿದು ಹಾಕುತ್ತಿದ್ದರು. ಹಾಗಾದರೆ ನಿಮ್ಮ ಪತ್ರಗಳ ಕಟ್ಟಿನಲ್ಲಿ ಆ ಕಾರ್ಡು ಇರುವುದೇ ಇಲ್ಲ. ಮುಂದಿನ ಪತ್ರದ ಒಕ್ಕಣೆಯಲ್ಲಿ ‘ತೀರ್ಥರೂಪು’ ಎಂಬ ಸಂಬೋಧನೆ ಹೋಗಿ ‘ಮಾತೃಶ್ರೀ’ ಎಂದಷ್ಟೇ ಬಂದರೆ ಸಾಕು, ತಂದೆ ಹೋದದ್ದು ಓದುಗರಿಗೆ ತಿಳಿಯುತ್ತದೆ.

ಲಕೋಟೆಗಳನ್ನು ಕೈಯಿಂದಲೇ ಅಂಟಿಸಬೇಕಾದ್ದರಿಂದ ಅಚ್ಚಿನ ಖರ್ಚು ಏರುತ್ತದೆ. ಪ್ರಕಾಶಕರ ಬಳಿ ಹೋಗುವ ಮುನ್ನ ನೀವಿಬ್ಬರೂ ಕೂತು ಒಂದು ಮಾದರಿ ಪ್ರತಿ ತಯಾರಿಸಿ. ಅತಿ ಮುಖ್ಯವಾದ ಎರಡು ಮೂರು ಪತ್ರಗಳಿಗೆ ಮಾತ್ರ ಲಕೋಟೆ ಇಡಿ.