ಓದುಗರ ಪ್ರಶ್ನೆ: ಕ್ಯಾಂಪಿನವರ ಒಲೆ, ಪಕ್ಕದೂರಿನವರ ಒಲೆ

ಪ್ರಶ್ನೆ: ನಮ್ಮೂರ ಹತ್ತಿರದ ಆರ್‌ಎಚ್ ಕ್ಯಾಂಪಿಗೆ ಕೆಲಸದ ಮೇಲೆ ಹೋಗ್ತಿರ್ತೀನಿ. ಅಲ್ಲಿನ ಅಜ್ಜಿಯೊಬ್ಬರು, ತಾವು ಬಂದ ಹೊಸದರಲ್ಲಿ ರೇಷನ್ ಅಳೆದು ಕೊಡ್ತಿದ್ದರು ಅಂದರು. ನಿರಾಶ್ರಿತರಿಗೆ ತಲೆಗೆ ಎಷ್ಟು ಕೊಡಬೇಕು ಅಂತ ಹೇಗೆ ಲೆಕ್ಕ ಹಾಕ್ತಾರೆ?
ಓದುಗರು, ಸಿಂಧನೂರು

ಉತ್ತರ: ಹೊರಗಿನ ಓದುಗರಿಗೆ ಮೊದಲು ಒಂದು ಮಾತು. ನಮ್ಮ ಕಡೆ ಕ್ಯಾಂಪ್ ಅಂದರೆ ಎರಡು ಥರ. ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಗದ್ದೆ ಮಾಡಿದವರ ಊರುಗಳಿಗೂ ಕ್ಯಾಂಪ್ ಅಂತಲೇ ಹೆಸರು. ಆರ್‌ಎಚ್ ಕ್ಯಾಂಪ್, ಅಂದರೆ ಪುನರ್ವಸತಿ ಕ್ಯಾಂಪ್, ಬೇರೆ. ಆಗಿನ ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿಗಳಿಗೆ ಸರ್ಕಾರ ಅಲ್ಲಿ ನೆಲೆ ಕೊಟ್ಟಿತು. 1971ರಲ್ಲಿ ಸುಮಾರು 1 ಕೋಟಿ ಜನ ಗಡಿ ದಾಟಿ ನಮ್ಮ ದೇಶಕ್ಕೆ ಬಂದರು. ಅವರ ಖರ್ಚಿಗೆ ಅಂತ ಆಗ ಪ್ರತಿ ಕಾಗದಕ್ಕೂ 5 ಪೈಸೆಯ ಬೇರೆ ಸ್ಟಾಂಪ್ ಹಚ್ಚಬೇಕಿತ್ತು. ಮನೆಯ ಟ್ರಂಕಿನಲ್ಲಿ ಆ ಕಾಲದ ಕಾಗದ ಇದ್ದರೆ ತೆಗೆದು ನೋಡಿ.

ಇನ್ನು ಲೆಕ್ಕ. ವಿಶ್ವ ಆಹಾರ ಕಾರ್ಯಕ್ರಮ, ಅಂದರೆ ಡಬ್ಲ್ಯುಎಫ್‌ಪಿ, ಒಬ್ಬರಿಗೆ ದಿನಕ್ಕೆ 2,100 ಕ್ಯಾಲೊರಿ ಸಿಗಬೇಕು ಅಂತ ಇಟ್ಟುಕೊಂಡಿದೆ. ಅದನ್ನು ಚೀಲಕ್ಕೆ ಇಳಿಸಿದರೆ ಹೆಚ್ಚುಕಡಿಮೆ 400 ಗ್ರಾಂ ಧಾನ್ಯ, 60 ಗ್ರಾಂ ಬೇಳೆ, 25 ಗ್ರಾಂ ಎಣ್ಣೆ, 50 ಗ್ರಾಂ ಪೌಷ್ಟಿಕ ಹಿಟ್ಟು, ಸ್ವಲ್ಪ ಸಕ್ಕರೆ, ಉಪ್ಪು. ತಿಂಗಳಿಗೆ ತಲೆಗೆ 12 ಕೆಜಿ ಧಾನ್ಯ ಆಯಿತು. "ನಮ್ಮ ಕಾರ್ಡಿಗಿಂತ ಅವರಿಗೇ ಜಾಸ್ತಿ" ಅಂತ ಯಾರಾದರೂ ಅನ್ನಬಹುದು. ನಮ್ಮ ರೇಷನ್ ಅಕ್ಕಿ ನಾವು ದುಡಿದದ್ದರ ಜೊತೆಗೆ ಸೇರುವಂಥದ್ದು. ದುಡಿಯೋಕೇ ಬಿಡದ ಕ್ಯಾಂಪಿನಲ್ಲಿ ಆ ಚೀಲವೇ ಪೂರ್ತಿ ಊಟ, ಮಗುವಿಗೆ ಜ್ವರ ಬಂದರೆ ಔಷಧಿಗೆ ಮಾರೋದೂ ಅದನ್ನೇ.

ಮತ್ತೆ, ಲೆಕ್ಕ ಇದೆ ಅಂದ ಮಾತ್ರಕ್ಕೆ ಸಿಗುತ್ತೆ ಅಂತಲ್ಲ. ಬಾಂಗ್ಲಾದೇಶದ ಕಾಕ್ಸ್ ಬಜಾರಿನಲ್ಲಿ, ಮ್ಯಾನ್ಮಾರ್ ಬಿಟ್ಟು ಓಡಿ ಬಂದ ರೋಹಿಂಗ್ಯಾ ಜನಕ್ಕೆ ತಲೆಗೆ ತಿಂಗಳಿಗೆ 12 ಡಾಲರ್ ಬೆಲೆಯ ಆಹಾರ ಸಿಗ್ತಿತ್ತು. ದೇಣಿಗೆ ಕಡಿಮೆಯಾಗಿ 2023ರ ಮಾರ್ಚ್‌ನಲ್ಲಿ ಅದು 10 ಆಯಿತು, ಜೂನ್‌ನಲ್ಲಿ 8. ದಿನಕ್ಕೆ ನಮ್ಮ 22 ರೂಪಾಯಿ ಅಂದುಕೊಳ್ಳಿ. ಮುಂದಿನ ವರ್ಷ ಮತ್ತೆ ಏರಿಸಿದರು ನಿಜ, ಆದರೆ ಆ ತಿಂಗಳುಗಳಲ್ಲಿ ಬೆಳೆಯಬೇಕಿದ್ದ ಕೂಸುಗಳಿಗೆ ಆ ಊಟ ತಿರುಗಿ ಸಿಗಲ್ಲ.

ಪ್ರಶ್ನೆ: ನಾನು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯೋನು. ಈಗೀಗ ನಿರಾಶ್ರಿತರಿಗೆ ಅಕ್ಕಿ ಬದಲು ದುಡ್ಡು ಕೊಡ್ತಾರಂತೆ. ದುಡ್ಡು ಕೊಟ್ಟರೆ ಹಾಳಾಗಲ್ವಾ?
ಓದುಗರು, ಗಂಗಾವತಿ

ಉತ್ತರ: ಈ ಚರ್ಚೆ ನಮಗೆ ಹೊಸದಲ್ಲ. 2023ರ ಜುಲೈನಿಂದ ಅನ್ನಭಾಗ್ಯದಲ್ಲಿ ಹೆಚ್ಚುವರಿ 5 ಕೆಜಿ ಅಕ್ಕಿ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಬರ್ತಿತ್ತು, 2025ರಲ್ಲಿ ಮತ್ತೆ ಅಕ್ಕಿಯೇ ಬಂತು. ಯಾವುದು ಚಲೋ ಅಂತ ನಿಮ್ಮ ಓಣಿಯಲ್ಲೇ ಕೇಳಿ, ಪೇಟೆ ಹತ್ತಿರ ಇರೋರು ಒಂದು ಹೇಳ್ತಾರೆ, ದೂರದ ಹಳ್ಳಿಯವರು ಇನ್ನೊಂದು. ಕ್ಯಾಂಪಿನಲ್ಲೂ ಹಾಗೇ. ಪಕ್ಕದಲ್ಲಿ ಸಂತೆ ನಡೀತಿದ್ದರೆ, ಅಂಗಡಿಯಲ್ಲಿ ಮಾಲು ಇದ್ದರೆ ದುಡ್ಡು ಒಳ್ಳೇದು. ಯುದ್ಧ ನಡೆದು ಅಂಗಡಿಯೇ ಬಂದ್ ಆದ ಕಡೆ ದುಡ್ಡು ಕೊಟ್ಟು ಏನು ಮಾಡ್ತೀರಿ? ಅಲ್ಲಿ ಚೀಲವೇ ಬೇಕು.

ಕೀನ್ಯಾದ ಕಾಕುಮಾ ಕ್ಯಾಂಪ್ 1992ರಿಂದ ಇದೆ. ಅಲ್ಲಿ ಬಹಳ ವರ್ಷ ಧಾನ್ಯ ಕೊಡ್ತಿದ್ದರು, ಅದರಲ್ಲಿ ನಮ್ಮ ಜೋಳವೂ ಇತ್ತು. ಜೋಳವನ್ನು ಹಾಗೇ ತಿನ್ನೋಕಾಗಲ್ಲ ಅಲ್ವಾ. ಗಿರಣಿಯವನಿಗೆ ದುಡ್ಡು ಕೊಡಬೇಕು, ಕಟ್ಟಿಗೆ ಕೊಳ್ಳಬೇಕು. ಅದಕ್ಕೆ ಜನ ಕೊಟ್ಟ ಜೋಳದಲ್ಲೇ ಒಂದು ಪಾಲು ಕಡಿಮೆ ರೇಟಿಗೆ ಮಾರ್ತಿದ್ದರು. 2015ರಲ್ಲಿ ಬಾಂಬಾ ಚಾಕುಲಾ ಅಂತ ಶುರುವಾಯಿತು, ನಿನ್ನ ಊಟ ತಗೋ ಅನ್ನೋ ಅರ್ಥ. ಧಾನ್ಯದ ಒಂದು ಭಾಗದ ಬದಲು ಮೊಬೈಲಿಗೆ ದುಡ್ಡು ಬರ್ತಿತ್ತು, ಗೊತ್ತುಮಾಡಿದ ಅಂಗಡಿಗಳಲ್ಲಿ ಊಟದ ಸಾಮಾನು ಕೊಳ್ಳಬಹುದಿತ್ತು. ಹಾಳಾಗುತ್ತೆ ಅನ್ನೋ ನಿಮ್ಮ ಭಯ ಅರ್ಥವಾಗುತ್ತೆ, ಆದರೆ ನನಗೆ ತಾಯಂದಿರ ಮೇಲೆ ಆ ಅನುಮಾನ ಇಲ್ಲ. ಯಾಕಂದರೆ ನಾನು ಒಂದು ಸಲ ಕಣ್ಣಾರೆ ನೋಡಿದೀನಿ.

2009ರ ಅಕ್ಟೋಬರ್ ನೆರೆಯಲ್ಲಿ ತುಂಗಭದ್ರೆ ದಂಡೆಯ ಒಂದು ಶಾಲೆಯ ಗಂಜಿ ಕೇಂದ್ರದಲ್ಲಿ ನಾನು ಬಡಿಸೋಕೆ ನಿಂತಿದ್ದೆ. ಮೂರು ದಿನ ಬರೀ ಅನ್ನ ಸಾರು. ನಾವು ಕೊಡ್ತಿದ್ದೀವಿ ಅನ್ನೋ ಸಮಾಧಾನದಲ್ಲಿದ್ದೆವು. ಮೂರನೇ ದಿನ ಒಬ್ಬ ಮುದುಕಿ ತಟ್ಟೆ ಪಕ್ಕಕ್ಕೆ ಸರಿಸಿ, "ಯವ್ವಾ, ಅನ್ನ ಒಲ್ಲೆ, ಒಂದ್ ರೊಟ್ಟಿ ಇದ್ರ ಕೊಡು" ಅಂದಳು. ಮರುದಿನ ಯಾರೋ ಎರಡು ಚೀಲ ಜೋಳದ ಹಿಟ್ಟು ತಂದು ಇಳಿಸಿದರು. ಹೆಣ್ಣುಮಕ್ಕಳು ಯಾರನ್ನೂ ಕೇಳಲಿಲ್ಲ, ಶಾಲೆ ಹಿಂದೆ ಮೂರು ಕಲ್ಲು ಹೂಡಿ ಒಲೆ ಹಚ್ಚಿದರು, ಎಲ್ಲಿಂದಲೋ ಹಂಚು ಬಂತು, ವರಾಂಡದ ತುಂಬಾ ರೊಟ್ಟಿ ಬಡಿಯೋ ಸಪ್ಪಳ. ಅಲ್ಲಿವರೆಗೂ ಸಾಲಿನಲ್ಲಿ ತಲೆ ತಗ್ಗಿಸಿ ನಿಲ್ತಿದ್ದವರು ಅವತ್ತು ನಮಗೇ ಕರೆದು ರೊಟ್ಟಿ ಕೊಟ್ಟರು.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ನಮ್ಮ ತಾಲೂಕಿನ ಜನ ಗುಳೆ ಹೋಗ್ತಾರೆ, ಹಳ್ಳಿಯಲ್ಲಿ ಮಕ್ಕಳು ಸೊರಗಿವೆ. ಇಂಥ ಬಡವರ ಪಕ್ಕದಲ್ಲೇ ಕ್ಯಾಂಪ್ ಹಾಕಿ ಬಂದವರಿಗೆ ಮಾತ್ರ ಕೊಟ್ಟರೆ ಊರವರಿಗೆ ಹೊಟ್ಟೆ ಉರಿಯಲ್ವಾ?
ಓದುಗರು, ದೇವದುರ್ಗ

ಉತ್ತರ: ಉರಿಯುತ್ತೆ ಅಕ್ಕಾ, ಮತ್ತೆ ಅದು ತಪ್ಪಲ್ಲ. ಮೊದಲು ಕೈಹಿಡಿಯೋರು ಪಕ್ಕದೂರಿನವರೇ. 2017ರ ಆಗಸ್ಟ್ ಕೊನೆಗೆ ರೋಹಿಂಗ್ಯಾ ಜನ ಕೆಸರಲ್ಲಿ ನಡೆದು ಬಂದಾಗ ಲಾರಿಗಳು ಬರೋ ಮೊದಲು ಅನ್ನ ಬೇಯಿಸಿ ಕೊಟ್ಟವರು ಉಖಿಯಾ, ಟೆಕ್ನಾಫ್ ಕಡೆಯ ಊರವರು. ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಜಾಸ್ತಿ ಜನ ಬಂದರು. ಆಮೇಲೆ ಅದೇ ಊರವರ ಕೂಲಿ ಬಿತ್ತು, ತರಕಾರಿ ಬೆಲೆ ಏರಿತು, ಸೌದೆಗೆ ಗುಡ್ಡದ ಮರ ಹೋದವು. ಕೊಟ್ಟ ಕೈಗೇ ಪೆಟ್ಟು.

ಅದಕ್ಕೇ ಊಟದ ನೆರವು ಕ್ಯಾಂಪಿನ ಬೇಲಿ ಹತ್ತಿರ ನಿಲ್ಲಬಾರದು. ಕಾಕ್ಸ್ ಬಜಾರಿನಲ್ಲಿ 2018ರಿಂದ ಗ್ಯಾಸ್ ಸಿಲಿಂಡರ್ ಕೊಡೋಕೆ ಶುರು ಮಾಡಿದಾಗ ಸುತ್ತಲಿನ ಊರಿನ ಮನೆಗಳಿಗೂ ಕೊಟ್ಟರು, ಕಾಡಿನ ಮೇಲಿನ ಹೊರೆ ಇಳಿಯಿತು. ಉಗಾಂಡಾದಲ್ಲಿ ನಿರಾಶ್ರಿತರಿಗೆ ತುಂಡು ಭೂಮಿ ಕೊಡ್ತಾರೆ, ಅವರ ಹೆಸರಲ್ಲಿ ಬರುವ ನೆರವಿನಲ್ಲಿ 100ಕ್ಕೆ 30 ಪಾಲು ಸ್ಥಳೀಯರಿಗೂ ಮುಟ್ಟಬೇಕು ಅನ್ನೋದು ಅಲ್ಲಿನ ನೀತಿ. ಶಾಲೆ, ಬೋರ್‌ವೆಲ್, ದವಾಖಾನೆ ಎಲ್ಲಾ ಇಬ್ಬರಿಗೂ. ಕಾಕುಮಾ ಸುತ್ತ ಇರೋರು ತುರ್ಕಾನಾ ಜನ, ಆಡು ಒಂಟೆ ಮೇಯಿಸೋರು, ಮಳೆ ನಮ್ಮ ಕುಷ್ಟಗಿಗಿಂತ ಕಡಿಮೆ. ಅವರು ಕಟ್ಟಿಗೆ, ಇದ್ದಿಲು ಹೊತ್ತು ತಂದು ಕ್ಯಾಂಪಿನಲ್ಲಿ ಕೊಟ್ಟು ಕಾಳು ಒಯ್ತಿದ್ದರು. ಈಗ ಪಕ್ಕದಲ್ಲೇ ಕಲೊಬೇಯೆ ಅಂತ ನಿರಾಶ್ರಿತರೂ ಊರವರೂ ಕೂಡಿ ಬದುಕಲಿ ಅಂತಲೇ ಒಂದು ನೆಲೆ ಕಟ್ಟಿದ್ದಾರೆ.

ಕೊಡೋ ಧಾನ್ಯವನ್ನು ಆದಷ್ಟು ಅಲ್ಲೇ ಸುತ್ತಲಿನ ರೈತರ ಹತ್ತಿರ ಕೊಳ್ಳಬೇಕು. ಕಾರಟಗಿಯ ಗೋದಾಮಿನಲ್ಲಿ ಭತ್ತ ತುಂಬಿರೋವಾಗ ಹಡಗಿನಲ್ಲಿ ಅಕ್ಕಿ ತರಿಸಿ ಹಂಚಿದರೆ ರೈತನ ಗತಿ ಏನು? ಮತ್ತೆ ಗುಳೆ ಅಂದಿರಲ್ಲ, 2020ರ ಲಾಕ್‌ಡೌನಿನಲ್ಲಿ ಪರ ಊರಿನ ಶೆಡ್ಡಿನಲ್ಲಿ ಖಾಲಿ ಡಬ್ಬಿ ಮುಂದೆ ಕೂತವರು ನಿಮ್ಮ ಅಂಗನವಾಡಿ ಮಕ್ಕಳ ತಂದೆ ತಾಯಿಯೇ ಇರಬಹುದು. ಅವರನ್ನು ಕೂರಿಸಿ ಮಾತಾಡಿಸಿ. ಬಂದವರಿಗೂ ಇದ್ದವರಿಗೂ ಹೇಗೆ ಹಂಚಬೇಕು ಅಂತ ನನಗಿಂತ ಚೆನ್ನಾಗಿ ಹೇಳ್ತಾರೆ.

ಪ್ರಶ್ನೆ: ನೆರೆಯಿಂದಲೋ ಯುದ್ಧದಿಂದಲೋ ಜನ ಮನೆ ಬಿಟ್ಟು ಬಂದ ಹೊತ್ತಿನಲ್ಲಿ ನಮ್ಮ ಕಾಲೇಜಿನವರು ಬಿಸ್ಕತ್ತು, ಹಾಲಿನ ಪುಡಿ ಕಳಿಸ್ತೀವಿ. ಸರಿ ತಾನೇ?
ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಬಿಸ್ಕತ್ತು ಮೊದಲ ಒಂದೆರಡು ದಿನಕ್ಕೆ ಸರಿ. ಹಾಲಿನ ಪುಡಿ ಮಾತ್ರ ಬೇಡಮ್ಮಾ. ಕೊಳಕು ನೀರಲ್ಲಿ ಕಲಸಿದರೆ, ಬಾಟಲಿ ಕುದಿಸೋಕೆ ಒಲೆ ಇಲ್ಲದಿದ್ದರೆ, ಎಳೆ ಕೂಸಿಗೆ ಭೇದಿ ಹತ್ತುತ್ತೆ. ಆ ದುಡ್ಡಿಗೆ ಎದೆಹಾಲು ಕುಡಿಸೋ ತಾಯಿಗೆ ಒಂದು ಹೊತ್ತಿನ ಊಟ ಜಾಸ್ತಿ ಸಿಗೋ ಹಾಗೆ ಮಾಡಿ, ಅವಳಿಗೆ ಕುಡಿಯೋಕೆ ಶುದ್ಧ ನೀರು ಕೊಡಿಸಿ, ಅವಳು ಕೂತು ಮಗುವಿಗೆ ಕುಡಿಸೋಕೆ ಒಂದು ಮರೆ ಕಟ್ಟಿಸಿ.