ಸಾಲ ಕೊಡೋರು ಮೊದಲೇ ದುಡ್ಡು ಕೇಳಿದರೆ

ಸಾಲ ಮಂಜೂರಾಗಿದೆ, ಮೊದಲು 2,150 ರೂಪಾಯಿ ಫೈಲ್ ಚಾರ್ಜ್ ಕಟ್ಟಿ ಅಂತಿದಾರೆ ಅಂತ ಬರೆದಿದೀರಿ. ಆ ದುಡ್ಡು ಇನ್ನೂ ಕಟ್ಟಿಲ್ಲ ತಾನೆ? ಕಟ್ಟಬೇಡಿ. 2 ಲಕ್ಷದ ಮುದ್ರಾ ಸಾಲ (ಸಣ್ಣ ಉದ್ಯಮಕ್ಕೆ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಬ್ಯಾಂಕುಗಳು ಕೊಡೋ ಸಾಲ), ವಾಟ್ಸಾಪಿಗೆ ಬಂದ ಮಂಜೂರಾತಿ ಪತ್ರ, ಫೈಲ್ ಚಾರ್ಜ್ ಕಟ್ಟಿದರೆ ಅರ್ಧ ಗಂಟೆಯಲ್ಲಿ ಜಮಾ ಅನ್ನೋ ಮಾತು, ಎಲ್ಲಾ ನನಗೆ ಗೊತ್ತಿರೋದೇ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಜಾಬ್‌ವರ್ಕ್ ನಂದು. ಎರಡು ಓವರ್‌ಲಾಕ್ ಮಿಷಿನ್ ತಗೊಳ್ಳೋಕೆ ಅಂತ ಹೋಗಿ 37,599 ಕಳಕೊಂಡೆ.

ಫೈಲ್ ಚಾರ್ಜ್ 1,999, ವಿಮೆ ಅಂತ 5,600. ಅಲ್ಲಿಗೇ ನಿಂತಿದ್ದರೆ ಉಳ್ಕೋತಿದ್ದೆ. ಅವರು ಹಾಕಿಸಿದ ಆಪ್‌ನಲ್ಲಿ 2,00,000 ಅಂತ ಹಸಿರು ಅಕ್ಷರದಲ್ಲಿ ಕಾಣ್ತಿತ್ತು. ತೆಗೆಯೋಕೆ ಹೋದರೆ 'ಖಾತೆ ಸಂಖ್ಯೆ ತಪ್ಪು, ಹಣ ಫ್ರೀಜ್' ಅಂತ ಬಂತು. ನೋಡಿದರೆ ನನ್ನ ಖಾತೆಯ ಕೊನೆಯ 47 ಅಲ್ಲಿ 74 ಆಗಿತ್ತು. ಕೆಲಸದ ಗಡಿಬಿಡಿಯಲ್ಲಿ ನಾನೇ ತಪ್ಪು ಒತ್ತಿದೀನಿ ಅನ್ನಿಸ್ತು. ಫೋನ್ ಮಾಡಿ ಕ್ಷಮೆ ಬೇರೆ ಕೇಳಿದೆ! ತಿದ್ದುಪಡಿಗೆ ಸಾಲದ ಶೇ. 15 ಠೇವಣಿ, ಆಮೇಲೆ ವಾಪಸ್ ಅಂದರು. 30,000 ಹಾಕಿದೆ. ಆಮೇಲೆ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ನನ್ನ ಮೊಬೈಲಿನ ಸ್ಕ್ರೀನ್‌ಶಾಟ್ ನೋಡಿದಾಗ ನಾನು ತುಂಬಿದ ಫಾರಂನಲ್ಲಿ 47 ಸರಿಯಾಗೇ ಇತ್ತು. ಅಂಕಿ ತಿರುಗಿಸಿದ್ದು ಅವರೇ. ತಪ್ಪು ನಂದು ಅಂತ ನಂಬಿಬಿಟ್ಟೆ ನೋಡಿ, ಅಲ್ಲೇ ನಾನು ಕೆಟ್ಟಿದ್ದು. ತಪ್ಪು ತನ್ನದು ಅನ್ನಿಸಿದ ಮನುಷ್ಯ ಎದುರಿನವರನ್ನ ಅನುಮಾನಿಸೋದನ್ನೇ ಬಿಡ್ತಾನೆ. ನಿಜವಾದ ಬ್ಯಾಂಕಿನಲ್ಲಿ ಖಾತೆ ಸಂಖ್ಯೆ ತಪ್ಪಿದ್ದರೆ ಪಾಸ್‌ಬುಕ್ ಇಲ್ಲಾ ರದ್ದು ಮಾಡಿದ ಚೆಕ್ ಕೇಳಿ ಸರಿಮಾಡ್ತಾರೆ, ಠೇವಣಿ ಕೇಳೋದಿಲ್ಲ.

ಕಂಪನಿ ಅಸಲಿಯೋ ನಕಲಿಯೋ ಹೇಗೆ ತಿಳಿಯೋದು ಅಂತ ಕೇಳಿದೀರಿ. ಆ ದಾರಿ ಹಿಡೀಬೇಡಿ. ನಾನೂ ಆರ್‌ಬಿಐ ಪಟ್ಟಿ ನೋಡಿದ್ದೆ, ಹೆಸರಿತ್ತು, ನೋಂದಣಿ ಸಂಖ್ಯೆಯೂ ಸರಿಯಿತ್ತು. ಕಂಪನಿ ಅಸಲಿಯೇ, ಅದರ ಹೆಸರು ಹೇಳಿಕೊಂಡು ಮಾತಾಡ್ತಿದ್ದೋರು ಕಳ್ಳರು. ದುಡ್ಡು ಯಾವ ಕಡೆ ಹೋಗ್ತಿದೆ ಅನ್ನೋದನ್ನ ಮಾತ್ರ ನೋಡಿ. ಇಂಥ ಸಣ್ಣ ಸಾಲದಲ್ಲಿ ಪ್ರೊಸೆಸಿಂಗ್ ಫೀ, ಅದರ ಮೇಲಿನ ಶೇ. 18 ಜಿಎಸ್‌ಟಿ ಎಲ್ಲಾ ಸಾಲದ ಮೊತ್ತದಲ್ಲೇ ಮುರ್ಕೊಂಡು ಉಳಿದಿದ್ದನ್ನ ಖಾತೆಗೆ ಹಾಕ್ತಾರೆ. 'ಹಾಗೇ ಮುರ್ಕೊಳ್ಳಿ' ಅಂತ ಒಮ್ಮೆ ಹೇಳಿ ನೋಡಿ, ಸಿಸ್ಟಮ್ ಒಪ್ಪಲ್ಲ ಅಂತಾರೆ. ಯುಪಿಐ ಪಿನ್ ಒತ್ತೋ ಮೊದಲು ಹೆಸರು ಓದಿ: ನನಗೆ ಕಂಡಿದ್ದು ಯಾವುದೋ ವ್ಯಕ್ತಿಯ ಹೆಸರು, ಫೈನಾನ್ಸ್ ಕಂಪನಿಯದಲ್ಲ. ಮನೆ ಸಾಲಕ್ಕೆ ಲೀಗಲ್, ವ್ಯಾಲ್ಯುಯೇಷನ್ ಫೀ ಮೊದಲೇ ತಗೊಳ್ಳೋದುಂಟು, ಆದರೆ ಅದು ಬ್ಯಾಂಕಿಗೇ ಹೋಗ್ತದೆ, ರಸೀದಿ ಕೊಡ್ತಾರೆ.

ಮುದ್ರಾಕ್ಕೆ ಏಜೆಂಟರೇ ಇಲ್ಲ, ಮುದ್ರಾ ಸಂಸ್ಥೆ ನೇರವಾಗಿ ಯಾರಿಗೂ ಸಾಲ ಕೊಡೋದೂ ಇಲ್ಲ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಪುಕ್ಕಟೆ ಆಗ್ತದೆ. ಅದನ್ನ ಮಾಡಿಸಿ, ಮಿಷಿನ್ ಅಂಗಡಿಯಿಂದ ಕೊಟೇಷನ್ ತಗೊಂಡು, ನಿಮ್ಮ ಖಾತೆ ಇರೋ ಶಾಖೆಗೇ ಹೋಗಿ. 2 ಲಕ್ಷ 'ಕಿಶೋರ್' ವಿಭಾಗಕ್ಕೆ ಬರ್ತದೆ, 50,000ದ ಒಳಗಿದ್ದರೆ 'ಶಿಶು'. ಓಡಾಟ ಇದೆ, ಒಪ್ತೀನಿ. ಆದರೂ ಅದೇ ದಾರಿ.

ಆಧಾರ್, ಪ್ಯಾನ್ ಕಳಿಸಿಬಿಟ್ಟಿದೀನಿ ಅಂದ್ರಲ್ಲ, ನಿಮ್ಮ ಬೆರಳಚ್ಚು, ಕಣ್ಣಿನ ಗುರುತು ಯಾರೂ ಬಳಸದಂತೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ. ನಿಮ್ಮ ಹೆಸರಲ್ಲಿ ಬೇರೆ ಯಾರಾದರೂ ಸಾಲ ತೆಗೆದಿದಾರಾ ಅಂತ ಕ್ರೆಡಿಟ್ ವರದಿ ನೋಡಿ, ಪ್ರತಿ ಕ್ರೆಡಿಟ್ ಬ್ಯೂರೋ (ಎಲ್ಲರ ಸಾಲದ ದಾಖಲೆ ಇಡೋ ಸಂಸ್ಥೆ) ವರ್ಷಕ್ಕೊಂದು ಪುಕ್ಕಟೆ ಕೊಡಲೇಬೇಕು. ಆಪ್ ಹಾಕಿದ್ದರೆ ಮೊದಲು ಸ್ಕ್ರೀನ್‌ಶಾಟ್ ತೆಗೆದು, ಕಾಂಟ್ಯಾಕ್ಟ್, ಫೋಟೋ ಅನುಮತಿ ಕಿತ್ತು, ಆಮೇಲೆ ಅಳಿಸಿ. ಒಂದು ರೂಪಾಯಿ ಹೋಗಿದ್ದರೂ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಪಾವತಿಯ ಗುರುತಾದ 12 ಅಂಕಿಯ ಯುಟಿಆರ್ ನಂಬರ್ ಕೈಯಲ್ಲಿಟ್ಟುಕೊಂಡು. ದುಡ್ಡು ಅವರ ಖಾತೆಯಿಂದ ಮುಂದಕ್ಕೆ ಹೋಗೋ ಮೊದಲು ತಡೆದರೆ ಮಾತ್ರ ಸಿಗೋ ಆಸೆ. ನಾನು ಮನೆಯವರಿಗೆ ಹೇಳೋಕೆ ನಾಚಿ ನಾಲ್ಕು ದಿನ ಸುಮ್ಮನಿದ್ದೆ, ಅಷ್ಟರಲ್ಲಿ ಆ ಖಾತೆ ಖಾಲಿ.

ಕೆಲವು ದಿನ ಬಿಟ್ಟು ಇನ್ನೊಂದು ಫೋನ್ ಬರಬಹುದು: 'ಸೈಬರ್ ಇಲಾಖೆಯವರು, ನಿಮ್ಮ ಹಣ ಸಿಕ್ಕಿದೆ, 3,000 ಶುಲ್ಕ ಕಟ್ಟಿ'. ನನಗೆ ಎರಡು ಸಲ ಬಂತು. ಅವರೂ ಕಳ್ಳರೇ.