ಚರಂಡಿ ಅಗಲ ಆಯ್ತು, ನೀರು ಮಾತ್ರ ನಿಲ್ತಾನೇ ಇದೆ

ಪ್ರಶ್ನೆ: ನಮ್ಮ ಬಡಾವಣೆ ತಗ್ಗಲ್ಲಿದೆ, ಜೋರು ಮಳೆ ಬಂದ್ರೆ ಅರ್ಧ ಗಂಟೇಲಿ ಬೀದಿ ತುಂಬ ನೀರು. ಚರಂಡಿ ಅಗಲ ಮಾಡಿ ಕಾಂಕ್ರೀಟ್ ಹಾಕಿದ್ರು, ಆದ್ರೂ ಈ ಸಲ ಮನೆಯೊಳಗೇ ಬಂತು. ಇನ್ನೂ ಅಗಲ ಮಾಡಿಸಿ ಅಂತ ಅರ್ಜಿ ಕೊಡೋದಾ?

ಉತ್ತರ: ಸ್ವಲ್ಪ ತಡೀರಿ. ಮೊದ್ಲು ಆ ಚರಂಡಿ ಮುಂದೆ ಯಾವ ಮೋರಿ (ರಸ್ತೆ ಅಡಿ ನೀರು ದಾಟಿಸೋ ಕಿರುಸೇತುವೆ) ಕೆಳಗೆ ಹೋಗುತ್ತೆ ಅಂತ ಪತ್ತೆ ಮಾಡಿ, ಮಳೆ ಸುರೀತಿರೋವಾಗ್ಲೇ ಅದನ್ನ ದೂರದಿಂದ ನೋಡಿ (ಹರಿಯೋ ನೀರಿಗೆ ಮಾತ್ರ ಇಳೀಬೇಡಿ, ತೆರೆದ ಮ್ಯಾನ್‌ಹೋಲ್ ಕಾಣಲ್ಲ). ಮೋರಿಯ ಈಚೆ ನೀರು ಅಂಚಿನವರೆಗೂ ಬಂದು ಆಚೆ ಕಡೆ ಕಮ್ಮಿ ಇದ್ರೆ ಮೋರೀನೇ ಚಿಕ್ಕದು, ಇಲ್ಲ ಒಳಗೆ ಹೂಳು, ಪ್ಲಾಸ್ಟಿಕ್ ಕಟ್ಕೊಂಡಿದೆ. ಅರ್ಧ ಎತ್ತರ ಹೂಳು ತುಂಬಿದ್ರೆ ಅರ್ಧದಷ್ಟು ನೀರೂ ಹೋಗಲ್ಲ. ಎರಡೂ ಕಡೆ ಒಂದೇ ಮಟ್ಟದಲ್ಲಿ ತುಂಬಿದ್ರೆ ತೊಂದರೆ ಇನ್ನೂ ಕೆಳಗಿದೆ, ಕೆರೆನೋ ನದೀನೋ ತುಂಬಿ ನೀರನ್ನ ವಾಪಸ್ ಒತ್ತುತ್ತಿದೆ ಅಂತ. ಆಗ ನಿಮ್ಮ ಚರಂಡಿ ಎಷ್ಟು ಅಗಲ ಮಾಡಿಸಿದ್ರೂ ಪ್ರಯೋಜನ ಇಲ್ಲ.

ಆಮೇಲೆ ಮೇಲ್ಗಡೆ ನೋಡಿ, ಯಾರೂ ನೋಡದೇ ಇರೋದು ಅದನ್ನೇ. ಮಳೆನೀರಿಗೆ ವಾರ್ಡ್ ಗಡಿ ಗೊತ್ತಿಲ್ಲ, ಎಲ್ಲೆಲ್ಲಿಂದ ಇಳಿಜಾರು ನಿಮ್ಮ ಕಡೆ ಇದೆಯೋ ಅಷ್ಟೂ ನಿಮ್ಮ ಕ್ಯಾಚ್‌ಮೆಂಟ್. ಮೇಲೆ 10 ಹೆಕ್ಟೇರ್ ಇದೆ, ಗಂಟೆಗೆ 60 ಮಿ.ಮೀ. ಲೆಕ್ಕದಲ್ಲಿ ಮಳೆ ಬೀಳ್ತಿದೆ ಅನ್ಕೊಳ್ಳಿ. ತೋಟ, ಖಾಲಿ ಜಾಗ ಇದ್ದು ಬಿದ್ದಿದ್ರಲ್ಲಿ 30% ಮಾತ್ರ ಹರಿದ್ರೆ ಸೆಕೆಂಡಿಗೆ ಸುಮಾರು 500 ಲೀಟರ್ ಬರುತ್ತೆ. ಅದೇ ಜಾಗ ಪೂರ್ತಿ ತಾರಸಿ, ಡಾಂಬರು ಆಗಿ 90% ಹರಿಯೋಕೆ ಶುರುವಾದ್ರೆ 1,500 ಲೀಟರ್! ಅದೂ ಸಾಲದು ಅಂತ ಕಾಂಕ್ರೀಟ್ ನುಣುಪು ನೋಡಿ, ಮೊದ್ಲು ನಿಧಾನಕ್ಕೆ ಬರ್ತಿದ್ದ ನೀರು ಈಗ ಎಲ್ಲ ಒಟ್ಟಿಗೇ ಬಂದು ತಗ್ಗಲ್ಲಿರೋರ ಮೇಲೆ ಬೀಳುತ್ತೆ. ನಿಮ್ಮ ಚರಂಡಿ ಅಗಲ ಮಾಡಿದ್ದೂ ಕೆಳಗಿನೋರಿಗೆ ಅದನ್ನೇ ಮಾಡಿರುತ್ತೆ, ಅವ್ರೂ ಈಗ ಅರ್ಜಿ ಬರೀತಿರ್ತಾರೆ ಬಿಡಿ.

ಹಾಗಾಗಿ ಅರ್ಜೀಲಿ 'ಅಗಲ ಮಾಡಿ' ಅನ್ನೋದಕ್ಕಿಂತ 'ಮೇಲೇ ತಡೀರಿ' ಅಂತ ಕೇಳಿ. ಆಟದ ಮೈದಾನ, ಪಾರ್ಕ್ ಒಂದಷ್ಟು ತಗ್ಗು ಮಾಡಿ ಸಣ್ಣ ಕಿಂಡಿ ಇಟ್ರೆ ಮಳೆ ಹೊತ್ತಲ್ಲಿ ನೀರು ಅಲ್ಲಿ ನಿಂತು ಆಮೇಲೆ ನಿಧಾನಕ್ಕೆ ಇಳಿಯುತ್ತೆ. ಡೆನ್ಮಾರ್ಕ್ ರಾಜಧಾನಿ ಕೋಪನ್‌ಹೇಗನ್‌ನಲ್ಲಿ 2011ರ ಜುಲೈ 2ರಂದು ಎರಡೇ ಗಂಟೇಲಿ ಸುಮಾರು 150 ಮಿ.ಮೀ. ಮಳೆ ಸುರಿದು ಊರೆಲ್ಲ ಮುಳುಗಿದ ಮೇಲೆ ಅಲ್ಲಿಯೋರು ಬರೀ ಪೈಪ್ ದೊಡ್ಡದು ಮಾಡ್ಕೊಂಡು ಕೂರಲಿಲ್ಲ, ಪಾರ್ಕುಗಳಲ್ಲಿ ನೀರು ನಿಲ್ಲಿಸೋದು, ಕೆಲವು ರಸ್ತೆಗಳನ್ನೇ ಮಳೆ ಹೊತ್ತಲ್ಲಿ ಕಾಲುವೆ ಥರ ಬಳಸೋದು ಅಂತ ಪ್ಲಾನ್ ಮಾಡಿದ್ರು. ಆದ್ರೆ ತಡೆಯೋ ಜಾಗ ಎಲ್ಲಿ ಅನ್ನೋದನ್ನ ಎಂಜಿನಿಯರ್ ಇಡೀ ಕ್ಯಾಚ್‌ಮೆಂಟ್ ಲೆಕ್ಕ ಹಾಕೇ ಹೇಳ್ಬೇಕು, ತೀರಾ ಕೆಳಗೆ ತಡೆದ್ರೆ ಅಲ್ಲಿಂದ ತಡವಾಗಿ ಬಿಟ್ಟ ನೀರೂ ಮೇಲಿಂದ ಬರೋ ನೀರೂ ಒಂದೇ ಹೊತ್ತಿಗೆ ಸೇರಿ ಇನ್ನೂ ಕೆಡಬಹುದು.

ಪ್ರಶ್ನೆ: ಮಳೆಕೊಯ್ಲು ಟ್ಯಾಂಕ್ ಇದೆ. ಪ್ರವಾಹಕ್ಕೆ ಇದ್ರಿಂದ ಏನಾದ್ರೂ ಉಪಯೋಗ ಇದೆಯಾ?

ಉತ್ತರ: ಖಾಲಿ ಇದ್ರೆ ಇದೆ. 100 ಚದರ ಮೀಟರ್ ತಾರಸಿ ಮೇಲೆ 50 ಮಿ.ಮೀ. ಬಿದ್ರೆ 5,000 ಲೀಟರ್, ಟ್ಯಾಂಕ್ ಮೊದ್ಲೇ ತುಂಬಿದ್ರೆ ಅಷ್ಟೂ ಬೀದಿಗೇ. ಮಳೆಗಾಲದಲ್ಲಿ ಅರ್ಧ ಖಾಲಿ ಇಟ್ಕೊಳ್ಳಿ. ಇಂಗುಗುಂಡಿ ಒಳ್ಳೇದೇ, ಜೇಡಿಮಣ್ಣಾದ್ರೆ ಮಾತ್ರ ಅದು ಇಂಗೋ ಹೊತ್ತಿಗೆ ಮಳೆ ಮುಗಿದಿರುತ್ತೆ.

ಪ್ರಶ್ನೆ: '10 ವರ್ಷಕ್ಕೊಮ್ಮೆ ಬರೋ ಮಳೆ' ಅಂದ್ರು, ಎರಡು ವರ್ಷ ಸಾಲಾಗಿ ಬಂತಲ್ಲ?

ಉತ್ತರ: ಪ್ರತಿ ವರ್ಷವೂ 10% ಸಾಧ್ಯತೆ ಅಂತ ಅದರ ಲೆಕ್ಕ. ದಾಳದಲ್ಲಿ ಒಂದ್ಸಲ ಆರು ಬಿತ್ತು ಅಂತ ಮುಂದಿನ ಸಲ ಬೀಳಬಾರದು ಅಂತೇನಿಲ್ಲ. 10 ವರ್ಷದಲ್ಲಿ ಒಂದ್ಸಲನಾದ್ರೂ ಬರೋ ಸಾಧ್ಯತೆ ಸುಮಾರು 65%.

ಪ್ರಶ್ನೆ: ಅಂಗಳದಲ್ಲಿ ನಿಲ್ಲೋ ಮಳೆನೀರನ್ನ ಒಳಚರಂಡಿ ಛೇಂಬರ್‌ಗೆ ಬಿಡಬಹುದಾ?

ಉತ್ತರ: ದಯವಿಟ್ಟು ಬೇಡ. ಆ ಪೈಪ್ ಮನೆಗಳ ಕೊಳಚೆ ನೀರಿಗಷ್ಟೇ ಲೆಕ್ಕ ಹಾಕಿ ಹಾಕಿರೋದು. ಬೀದಿಯೋರೆಲ್ಲ ಹೀಗೇ ಬಿಟ್ರೆ ಮ್ಯಾನ್‌ಹೋಲ್ ಉಕ್ಕುತ್ತೆ, ತಗ್ಗಿನ ಮನೆಗಳಲ್ಲಿ ಟಾಯ್ಲೆಟ್‌ನಿಂದಲೇ ವಾಪಸ್ ಬರುತ್ತೆ. ಈಗಾಗಲೇ ಕನೆಕ್ಷನ್ ಕೊಟ್ಟಿದ್ರೆ ಮಳೆಗಾಲಕ್ಕೆ ಮುಂಚೆ ತೆಗೆಸಿ.